ಕುಟ್ಟಪ್ಪ ಅಗೆಯದ ಬಾಳೆಬುಡ

ಏಲಿಯಮ್ಮ ಚೇಚಿ, ನಿಮ್ಮ ನೇಂದ್ರ ಬಾಳೆಯ ಬುಡ ಅಗೆದದ್ದು ನಿಮ್ಮ ಹುಂಜ ಕುಟ್ಟಪ್ಪನಲ್ಲ — ನಾನು. ಬೇಲಿಯಾಚೆಯ ಸುಮತಿ, ನಿಮ್ಮ ಭಾಷೆಯಲ್ಲೇ ನಿಮ್ಮನ್ನು ಚೇಚಿ, ಅಕ್ಕ, ಎಂದು ಕರೆಯುವವಳು. ಅದೂ ಒಂದು ಸಲವಲ್ಲ. ನೀವು ಚರ್ಚಿಗೆ ಹೋದ ಭಾನುವಾರಗಳಲ್ಲೆಲ್ಲ.

ಎಲ್ಲಕ್ಕೂ ಮೂಲ ನಮ್ಮ ಬಾಬಣ್ಣ. ಹೊಲಿಗೆ ನೂಲು ತರಲು ಪುತ್ತೂರಿಗೆ ಹೋದವಳು ಅಕ್ವೇರಿಯಂ ಅಂಗಡಿಯಲ್ಲಿ ಅವನನ್ನು ನೋಡಿದೆ. ಆಕ್ಸೊಲಾಟಲ್ ಅಂತೆ. ಕಪ್ಪೆಗಳ ದೂರದ ನೆಂಟ, ಆದರೆ ಬಾಲ ಉಂಟು. ನಾಲ್ಕು ಪುಟಾಣಿ ಕಾಲು, ಕುತ್ತಿಗೆಯ ಎರಡೂ ಕಡೆ ಗರಿಯಂಥ ಕಿವಿರು, ಮುಖದಲ್ಲಿ ಸದಾ ಒಂದು ನಗು. ನೂಲು ಮರೆತು ಅವನನ್ನು ತಂದೆ. ನೀರು ತುಂಬಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಹಂಪ್ ಬಂದಾಗಲೆಲ್ಲ ಎತ್ತಿ ಹಿಡಿದು, ಕಡಬದ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ — ನಲವತ್ತು ದಾಟಿದ ಹೆಂಗಸು.

ಅಂಗಡಿಯವನು ಕೊಟ್ಟ ಒಣ ಗುಳಿಗೆಗೆ ಬಾಬಣ್ಣ ಮೂತಿ ತಿರುಗಿಸಿದ. ನರ್ಸರಿಯಿಂದ ಗೊಬ್ಬರದ ಕೆಂಪು ಹುಳು ತಂದು ಹಾಕಿದೆ. ಬಾಯಿಗೆ ಎಳೆದುಕೊಂಡವನು ಅಷ್ಟೇ ವೇಗದಲ್ಲಿ ಉಗಿದ. ಆ ಹುಳು ಕಹಿಯಂತೆ. ಅವನಿಗೆ ಬೇಕಾದದ್ದು ಹಸಿಮಣ್ಣಿನ ದಪ್ಪ ಎರೆಹುಳು. ಆ ಉರಿಬಿಸಿಲಿನಲ್ಲಿ ಅದನ್ನು ಎಲ್ಲಿಂದ ತರುವುದು? ನಮ್ಮ ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಸಿದೆ. ಸುತ್ತಮುತ್ತ ತೇವ ಉಳಿದಿದ್ದದ್ದು ನೀವು ಅಕ್ಕಿ ತೊಳೆದ ನೀರು ಹರಿದು ನಿಲ್ಲುವ ಬಾಳೆಬುಡದಲ್ಲಿ ಮಾತ್ರ. ಅಲ್ಲಿಗೆ ಹಾರೆ ತಾಗಿಸಲು ನೀವು ಯಾರನ್ನೂ ಬಿಡುತ್ತಿರಲಿಲ್ಲ. "ಇವರು ನನ್ನ ಆಳುಗಳು. ಸಂಬಳ ಕೇಳದೆ ದುಡಿಯುದು" ಎಂದು ಎರೆಹುಳುಗಳನ್ನು ಹೆಮ್ಮೆಯಿಂದ ತೋರಿಸುತ್ತಿದ್ದಿರಿ. ಕೇಳಿದ್ದರೆ ನಾಲ್ಕು ಕೊಡುತ್ತಿದ್ದಿರೋ ಏನೋ — ನಾನು ಕೇಳಲಿಲ್ಲ.

ಹಳೇ ಪೇಂಟ್ ಬಕೆಟ್ಟಿಗೆ ತೂತು ಕೊರೆದು, ನಿಮ್ಮದೇ ಮಣ್ಣನ್ನು ಹುಳುಗಳ ಸಮೇತ ತುಂಬಿ, ಒದ್ದೆ ಗೋಣಿ ಮುಚ್ಚಿ, ಹೊಲಿಗೆ ಮೆಷಿನ್ನಿನ ಪಕ್ಕದ ನೆರಳಲ್ಲಿಟ್ಟೆ. ಹುಳು ತೊಳೆದು ನೀರಿಗೆ ಇಳಿಸಿದರೆ ಬಾಬಣ್ಣ ಒಂದು ಗಳಿಗೆ ಸುಮ್ಮನಿದ್ದು — ಗುಳುಂ! ಶ್ಯಾವಿಗೆ ಎಳೆದ ಹಾಗೆ. ಆಮೇಲೆ ಮತ್ತದೇ ನಗುಮುಖ. ನಾನು ಚಪ್ಪಾಳೆ ತಟ್ಟುತ್ತಿದ್ದೆ, ಚೇಚಿ. ಕದ್ದದ್ದರಲ್ಲಿ ಅಷ್ಟೊಂದು ಖುಷಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಒಂದು ದಿನ ಗೊನೆ ಬಿಟ್ಟ ಬಾಳೆಯೊಂದು ಬುಡ ಸಡಿಲಾಗಿ ಮಗುಚಿತು. ನೀವು ಬೇಲಿಯ ಹತ್ತಿರ ಬಂದು ಕೇಳಿದಿರಿ, "ಯಾರು ಸುಮತೀ ಇದು ಅಗೆದದ್ದು? ಹಂದಿಯಾ ಎಂತ?"

ಹೌದು, ಹಂದಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊಂಡದ ಪಕ್ಕದಲ್ಲೇ ಕುಟ್ಟಪ್ಪ ನಿಂತಿದ್ದ.

"ಹಂದಿ ಅಲ್ಲ ಚೇಚಿ, ಕುಟ್ಟಪ್ಪ. ನಾನೇ ಕಣ್ಣಾರೆ ನೋಡಿದ್ದೇನೆ."

ಅಷ್ಟು ಸಲೀಸಾಗಿ ಆ ಮಾತು ಹೇಗೆ ಬಂತೋ —

"ಹಾಗಾದ್ರೆ ಈಸ್ಟರಿಗೆ ಇವನೇ" ಎಂದಿರಿ.

ಈಸ್ಟರಿಗೆ ಮೊದಲಿನ ನೋಂಬಿನ, ಅಂದರೆ ಉಪವಾಸದ, ದಿನಗಳಲ್ಲಿ ನಿಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಹಾಗಾಗಿ ಈಸ್ಟರಿನವರೆಗೆ ಅವನಿಗೆ ಬುಟ್ಟಿಯಡಿ ಜೈಲು. ಬಾಯಿ ಬಿಡಲು ನನಗೂ ಅಷ್ಟೂ ವಾರಗಳ ಅವಕಾಶವಿತ್ತು. ನಾನು ಮಾಡಿದ್ದೇನು? ಮನಸ್ಸು ಚುಚ್ಚಿದಾಗಲೆಲ್ಲ, ಬಾಬಣ್ಣ ತಿಂದು ಮಿಕ್ಕ ಹುಳುಗಳನ್ನು ಬುಟ್ಟಿಯ ಸಂದಿಯಿಂದ ಕುಟ್ಟಪ್ಪನಿಗೆ ಹಾಕಿದೆ. ಪಾಪ, ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಕುಣಿಯುತ್ತಿದ್ದ. ಮೈ ತುಂಬಿಕೊಂಡ. ಗರಿ ಮಿರಿಮಿರಿ ಮಿಂಚಿತು. "ಜೈಲಲ್ಲಿ ಕೂತು ಹೇಗೆ ಕೊಬ್ಬಿದ್ದಾನೆ ನೋಡು ಮಾರಾಯ್ತಿ!" ಎಂದು ನೀವು ಹಿಗ್ಗಿದಿರಿ. ನನ್ನ ಪ್ರಾಯಶ್ಚಿತ್ತದಿಂದ ಅವನ ತೂಕ ಹೆಚ್ಚಿತೇ ಹೊರತು ಆಯುಷ್ಯ ಹೆಚ್ಚಲಿಲ್ಲ.

ಈಸ್ಟರಿನ ದಿನ ಅಪ್ಪಂ, ತೆಂಗಿನಹಾಲಿನ ಕೋಳಿ ಕರಿ. ಕಾಲಿನ ತುಂಡನ್ನು ನೀವು ಮೊದಲು ನನ್ನ ತಟ್ಟೆಗೇ ಹಾಕಿದಿರಿ: "ಇದು ಕಳ್ಳನನ್ನು ಹಿಡಿದು ಕೊಟ್ಟವಳಿಗೆ!" ಎಲ್ಲರೂ ನಕ್ಕರು. ನಾನೂ ನಕ್ಕೆ. ತಿಂದೆ. ರುಚಿಯಾಗಿತ್ತು ಚೇಚಿ — ಅದನ್ನೂ ಒಪ್ಪಿಕೊಳ್ಳುತ್ತೇನೆ — ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡೆ.

ವರ್ಷಗಳಾದವು. ಈಗ ನನ್ನ ಬಕೆಟ್ಟುಗಳಲ್ಲೇ ಹುಳು ಮರಿಯಾಗುತ್ತವೆ. ಸಂಜೆ ನೀವೇ ಬಂದು "ಬಾ ಮೋನೇ, ಬಾ" ಎಂದು ಮಗನನ್ನು ಕರೆದ ಹಾಗೆ ಕರೆದು ಬಾಬಣ್ಣನಿಗೆ ನಿಮ್ಮ ಕೈಯಾರೆ ತಿನ್ನಿಸುತ್ತೀರಿ. ಅವನು ಗುಳುಂ ಎನ್ನಿಸಿದರೆ ನಾವಿಬ್ಬರೂ ಹೊಟ್ಟೆ ಹಿಡಿದು ನಗುತ್ತೇವೆ. ದಿನದಲ್ಲಿ ನನಗೆ ಅದಕ್ಕಿಂತ ಇಷ್ಟದ ಹೊತ್ತು ಇನ್ನೊಂದಿಲ್ಲ. ಬಾಯಿ ಕಟ್ಟಿದ್ದೂ ಅದೇ — ಆ ನಗು ನಿಂತರೆ ಎಂಬ ಭಯ. ಆದರೆ ಪ್ರತಿ ಈಸ್ಟರಿಗೂ ನೀವು ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಳ್ಳ ಕುಟ್ಟಪ್ಪನ ಕಥೆ ಹೇಳುತ್ತೀರಿ. ಅವನು ಏನನ್ನೂ ಕದ್ದವನಲ್ಲ. ಕೊನೆಯವರೆಗೂ ನನ್ನನ್ನು ನಂಬಿದವನು.

ಬರುವ ಈಸ್ಟರಿಗೆ ನೀವು ಆ ಕಥೆ ಶುರು ಮಾಡುವಾಗ ನಾನು ಎದ್ದು ನಿಲ್ಲುತ್ತೇನೆ. ಮಕ್ಕಳ ಎದುರೇ ಹೇಳುತ್ತೇನೆ. ಬಡಿಸುವ ಮೊದಲೇ ಹೇಳುತ್ತೇನೆ, ಚೇಚಿ. ಆಮೇಲೆ ನನ್ನ ತಟ್ಟೆಗೆ ಹಾಕುವುದು, ಬಿಡುವುದು ನಿಮಗೆ ಬಿಟ್ಟದ್ದು.