ಜಿಂಜ್‌ನ ಅಡುಗೆಮನೆಯಲ್ಲಿ ಕೇಳಿದ ಚೀನಾ

ಇಲ್ಲಿ ಗಲ್ಫಿನಲ್ಲಿ, ಸೀಫ್‌ ಎಂಬಲ್ಲಿರುವ ನಮ್ಮ ಕಂಪನಿ ಚೀನಾದಿಂದ ಎಸಿ ತರಿಸಿ ಮಾರುತ್ತದೆ. ಆರ್ಡರು, ಶಿಪ್ಪಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಕೊರೊನಾಕ್ಕೆ ಸ್ವಲ್ಪ ಮೊದಲು, ಕಾರ್ಖಾನೆಯವರ ಜೊತೆ ಮಾತಾಡಲಿಕ್ಕೆಂದು ಚೀನಾದ ಒಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡರು. ಹೆಚ್ಚುಕಡಿಮೆ ನನ್ನದೇ ವಯಸ್ಸು, ನಲವತ್ತರ ಆಚೀಚೆ. ನಾವಿರುವ ಜಿಂಜ್ ಬಡಾವಣೆಯಲ್ಲಿ, ನಮ್ಮ ಮುಂದಿನ ಬೀದಿಯಲ್ಲೇ ಒಬ್ಬಳೇ ಇದ್ದಳು. ಬೆಳಿಗ್ಗೆ ನನ್ನ ಕಾರಿನಲ್ಲೇ ಬರುತ್ತಿದ್ದಳು.

ಚೀನಾ ಗಡಿಯ ಜಗಳದಲ್ಲಿ ನಮ್ಮ ಸೈನಿಕರು ಸತ್ತ ಸುದ್ದಿ ಬಂದ ಮೇಲೆ ಆಫೀಸಿನ ಭಾರತೀಯರಲ್ಲಿ ಕೆಲವರು ಅವಳ ಜೊತೆ ಕೂರದೆ ಊಟದ ಮೇಜು ಬದಲಿಸಿದರು. ಮನೆಯಲ್ಲಿ ನನ್ನ ಗಂಡನೂ ಗೊಣಗಿದರು.

"ನಿನಗೆ ಎಂತಕ್ಕೆ ಮಾರಾಯ್ತಿ ಅವಳ ಉಸಾಬರಿ?"

"ಅವಳು ಎಂತ ಮಾಡಿದ್ದಾಳೆ? ಒಂದೇ ದಾರಿ ಅಲ್ವಾ, ಕೂತ್ಕೊಂಡು ಬರ್ತಾಳೆ," ಎಂದೆ. ವಾದ ಮಾಡುವಷ್ಟು ತ್ರಾಣ ಇಬ್ಬರಿಗೂ ಇರಲಿಲ್ಲ.

ನನಗೋ ಆಗ ಚೀನಾದ ಬಗ್ಗೆ ಓದುವ ಹುಚ್ಚು. ದಪ್ಪ ದಪ್ಪ ಪುಸ್ತಕಗಳನ್ನು ತರಿಸಿ, ಮಲಗುವ ಮುಂಚೆ ತೂಕಡಿಸುತ್ತಲೇ ಓದುತ್ತಿದ್ದೆ. ಮರುದಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಪಕ್ಕದಲ್ಲಿ ಕೂತವಳನ್ನು ಕೇಳುವುದು. ನಿಮ್ಮಲ್ಲಿ ಪಕ್ಷವನ್ನು ಜನ ನಿಜವಾಗಿ ನಂಬುತ್ತಾರಾ? ಅರವತ್ತು ವರ್ಷದ ಹಿಂದೆ ಕೋಟಿಗಟ್ಟಲೆ ಜನ ಸತ್ತ ಆ ಬರಗಾಲದ ವಿಷಯ ಶಾಲೆಯಲ್ಲಿ ಹೇಳಿಕೊಡುತ್ತಾರಾ? ಅವಳು ಕಿಟಕಿಯ ಕಡೆ ತಿರುಗಿ, "ಗೊತ್ತಿಲ್ಲ," ಎನ್ನುತ್ತಿದ್ದಳು. ಹೆದರಿಕೆ ಇರಬೇಕು ಎಂದುಕೊಂಡಿದ್ದೆ.

ಒಮ್ಮೆ ಕಂಪನಿ ನಮಗೆಲ್ಲ ಚೀನಾವನ್ನು ಅರ್ಥ ಮಾಡಿಸಲು ಹೊರಗಿನವರೊಬ್ಬರನ್ನು ಕರೆಸಿತ್ತು. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು, ಅವರಿಗೆ ಮರ್ಯಾದೆಯೇ ದೊಡ್ಡದು, ನೇರವಾಗಿ ಇಲ್ಲ ಎನ್ನುವುದಿಲ್ಲ ಎಂದೆಲ್ಲ ಪರದೆಯ ಮೇಲೆ ತೋರಿಸಿದರು. ಅವಳು ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು. ವಾಪಸು ಬರುವಾಗ ಕಾರಿನಲ್ಲಿ, "ನಾನು ತುಂಬಾ ಸಲ ಇಲ್ಲ ಅಂತೀನಲ್ಲ?" ಎಂದಳು. ನಗಲಿಲ್ಲ. ಸ್ವಲ್ಪ ಹೊತ್ತಿನ ನಂತರ, "ನಿಮ್ಮ ಸರ್ಕಾರ ಯಾಕೆ ಹಾಗೆ ಮಾಡ್ತು, ಹೀಗೆ ಮಾಡ್ತು ಅಂತ ನಾನು ನಿನ್ನನ್ನು ದಿನಾ ಕೇಳಿದರೆ ಏನು ಹೇಳ್ತೀಯ?" ಎಂದು ಕೇಳಿದಳು. ಆಮೇಲೆ ಪ್ರಶ್ನೆ ನಿಲ್ಲಿಸಿದೆ.

ಬೇರೆ ದೇಶಗಳೆಲ್ಲ ಬಾಗಿಲು ತೆರೆದ ಮೇಲೂ ಚೀನಾ ಮುಚ್ಚಿಕೊಂಡೇ ಇತ್ತು. ಆಗ ಅವಳ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಸಿಕ್ಕ ಟಿಕೆಟ್ಟು ರದ್ದಾಗುವುದು, ಮತ್ತೆ ಹುಡುಕುವುದು, ಸಿಕ್ಕಿದರೂ ಅಲ್ಲಿ ಇಳಿದ ಮೇಲೆ ವಾರಗಟ್ಟಲೆ ಹೋಟೆಲಿನ ಕೋಣೆಯಲ್ಲಿ ಬಂದಿ. ಇವಳು ಹುಡುಕುತ್ತಿರುವಾಗಲೇ ಅಪ್ಪ ತೀರಿಕೊಂಡರು.

ಅದು ನನಗೆ ಗೊತ್ತಾದದ್ದು ಬೆಳಿಗ್ಗೆ ಅವಳು ಎಂದಿನಂತೆ ಕಾರು ಹತ್ತಿದ ಮೇಲೆ. ಮಡಿಲಲ್ಲಿ ಫೋನು. ಅದರಲ್ಲಿ ದೊಡ್ಡಪ್ಪನ ಮಗ ಅಂತ್ಯಸಂಸ್ಕಾರವನ್ನು ತೋರಿಸುತ್ತಿದ್ದ. ಮಾಸ್ಕ್ ಹಾಕಿದ ನಾಲ್ಕೈದು ಜನ, ಮಧ್ಯೆ ಅವಳ ಅಮ್ಮ.

"ಆಫೀಸಿಗೆ ಯಾಕೆ ಹೊರಟೆ?" ಎಂದೆ.

"ಮನೆಯಲ್ಲಿ ಏನು ಮಾಡಲಿ?"

ಸಿಗ್ನಲ್‌ನಲ್ಲಿ ಕಾರು ತಿರುಗಿಸಿ ನಮ್ಮ ಮನೆಗೆ ಕರೆದುಕೊಂಡು ಬಂದೆ. ಗಂಡ ಹೋಟೆಲಿನ ಅಡುಗೆಯವರು, ಆವತ್ತು ಸಂಜೆಯ ಪಾಳಿ, ಮನೆಯಲ್ಲೇ ಇದ್ದರು. ನಾನು ಕೊಂಕಣಿಯಲ್ಲಿ ವಿಷಯ ಹೇಳಿದೆ. ಅವರು ಅವಳ ಮುಖವನ್ನೊಮ್ಮೆ ನೋಡಿ, "ಬನ್ನಿ ಸಿಸ್ಟರ್, ಕೂತ್ಕೊಳ್ಳಿ," ಎಂದು ಕುರ್ಚಿ ಎಳೆದುಕೊಟ್ಟು, ಕುಚ್ಚಲಕ್ಕಿ ಗಂಜಿ ಬಿಸಿ ಮಾಡಿ ತಂದಿಟ್ಟರು. ಎದುರಿಗೆ ಕೂತು, ತಮ್ಮ ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳಿದರು:

"ನಿಮ್ಮ ಅಪ್ಪನಿಗೆ ಎಂತ ಕೆಲಸ ಇತ್ತು?"

ಅಷ್ಟು ವರ್ಷಗಳಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ.

ಅವಳು ಚಮಚ ಆಡಿಸುತ್ತ ಹೇಳತೊಡಗಿದಳು. ಅಪ್ಪ ಚಿಕ್ಕವರಿದ್ದಾಗ ಸರ್ಕಾರದವರು ಊರಿನವರಿಗೆಲ್ಲ ಒಂದೇ ಅಡುಗೆಮನೆ ಮಾಡಿದರಂತೆ, ಉಕ್ಕು ಮಾಡಲೆಂದು ಮನೆಮನೆಯ ಪಾತ್ರೆಗಳು ಕುಲುಮೆಗೆ ಹೋದವು. ಆಮೇಲೆ ಬರಗಾಲ ಬಂದು ಆ ಅಡುಗೆಮನೆಯಲ್ಲಿ ಬೇಯಿಸಲು ಏನೂ ಉಳಿಯಲಿಲ್ಲ. ಅಪ್ಪನ ತಂಗಿ ಆ ಚಳಿಗಾಲ ದಾಟಲಿಲ್ಲ. ಅಪ್ಪನಿಗೆ ಓದುವ ಆಸೆ, ಆ ವಯಸ್ಸಿಗೆ ಬಂದಾಗ ಕ್ರಾಂತಿಯ ಗಲಾಟೆಯಲ್ಲಿ ಕಾಲೇಜುಗಳೇ ಮುಚ್ಚಿದ್ದವು. ಟ್ರ್ಯಾಕ್ಟರ್ ಕಾರ್ಖಾನೆಗೆ ಸೇರಿದರು. ಇವಳು ಹುಟ್ಟಿದಳು. ಮನೆಗೊಂದೇ ಮಗು ಎಂಬ ಕಾನೂನಿನ ಕಾಲ, ಅಮ್ಮ ಮತ್ತೆ ಬಸುರಿಯಾದಾಗ ಕಾರ್ಖಾನೆಯ ಅಧಿಕಾರಿಗಳು ಮನೆಗೆ ಬಂದು ಕೂತರು, ಕೆಲಸ ಬೇಕೋ ಮಗು ಬೇಕೋ ಎಂದು. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಾಗೆ ಉಳಿಸಿಕೊಂಡ ಕೆಲಸವೂ ಉಳಿಯಲಿಲ್ಲ, ಕೊನೆಗೆ ಕಾರ್ಖಾನೆಯೇ ಮುಚ್ಚಿತು. ಅಪ್ಪ ಬೀದಿಬದಿಯಲ್ಲಿ ಗಾಡಿ ಇಟ್ಟು ಬೆಳಗಿನ ತಿಂಡಿ ಮಾರಿ ಇವಳನ್ನು ಓದಿಸಿದರು.

"ಆ ಮಗು ಇದ್ದಿದ್ದರೆ ಇವತ್ತು ಅಪ್ಪನ ಹತ್ತಿರ ಮಕ್ಕಳು ಅಂತ ಯಾರಾದರೂ ಇರ್ತಿದ್ದರು," ಎಂದಳು.

"ಕೋಪ ಬರ್ಲಿಲ್ವಾ ಅವರಿಗೆ?" ಗಂಡ ಕೇಳಿದರು.

"ಆಗ ದೇಶ ಆಳಿದ ನಾಯಕರ ಫೋಟೋ ಕೊನೆಯವರೆಗೂ ಗೋಡೆ ಮೇಲೆ ಇತ್ತು. ತಂಗಿ ಸತ್ತದ್ದೂ ಅವರ ಕಾಲದಲ್ಲೇ, ಊರಿಗೆ ಶಾಲೆ, ಡಾಕ್ಟರು ಬಂದದ್ದೂ ಅವರ ಕಾಲದಲ್ಲೇ. ಅಪ್ಪ ಎರಡನ್ನೂ ಹೇಳೋರು." ನನ್ನ ಕಡೆ ತಿರುಗಿದಳು. "ಕಾರಲ್ಲಿ ನೀನು ಕೇಳಿದಾಗ ಎಲ್ಲಿಂದ ಶುರು ಮಾಡಬೇಕಿತ್ತು ನಾನು? ನನಗೇ ಅರ್ಥ ಆಗಿಲ್ಲ."

ಅವಳು ಅತ್ತದ್ದು ಆಗಲೇ. ಅತ್ತು ಮುಗಿಸಿ ತಣ್ಣಗಾದ ಗಂಜಿಯನ್ನೇ ಉಂಡಳು, ನಮ್ಮ ಸೋಫಾದ ಮೇಲೆ ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳು. ಬಾಸ್‌ಗೆ ಫೋನ್ ಮಾಡಿ ಇಬ್ಬರಿಗೂ ರಜೆ ಹೇಳಿದೆ. ಗಂಡ ಡ್ಯೂಟಿಗೆ ಹೊರಡುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

ಚೀನಾದ ಬಾಗಿಲು ತೆರೆದ ಕೂಡಲೇ ಅವಳು ರಾಜೀನಾಮೆ ಕೊಟ್ಟಳು. ಅಮ್ಮನಿಗೆ ಬೇರೆ ಯಾರಿದ್ದಾರೆ? ವಿಮಾನ ನಿಲ್ದಾಣಕ್ಕೆ ಬಿಟ್ಟವರು ನಾವೇ. ಗಂಡ ಗೇರುಬೀಜದ ಪೊಟ್ಟಣವೊಂದನ್ನು ಅವಳ ಚೀಲಕ್ಕೆ ತುರುಕಿದರು.

ಪುಸ್ತಕಗಳನ್ನು ನಾನು ಆಮೇಲೂ ಓದಿದೆ, ಮೊದಲಿಗಿಂತ ನಿಧಾನವಾಗಿ. ಬರಗಾಲದ ಅಧ್ಯಾಯವನ್ನು ಮಾತ್ರ ಒಂದೇ ಸಲಕ್ಕೆ ಮುಗಿಸಲಾಗಲಿಲ್ಲ.

ಅವಳೀಗ ಅಮ್ಮನ ಊರಿನ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿದ್ದಾಳೆ. ಭಾನುವಾರವೂ ಎಷ್ಟೋ ಸಲ ಕೆಲಸ ಇರುತ್ತದಂತೆ. ಕಳೆದ ವಾರ ವಿಡಿಯೋದಲ್ಲಿ ಸಿಕ್ಕಿದಳು. ಕೂದಲು ಬೆಳ್ಳಗಾಗಿದೆ, ಬಣ್ಣ ಹಾಕುವುದನ್ನು ಬಿಟ್ಟಿದ್ದಾಳೆ.

"ಹೇಗಿದ್ದೀಯ?" ಎಂದೆ.

"ಸುಸ್ತು," ಎಂದಳು. "ನೀನು?"

"ನಾನೂ ಹಾಗೇ."

ಹಿಂದಿನಿಂದ ಅವಳ ಅಮ್ಮ ಏನೋ ಕೂಗಿ ಕೇಳಿದರು. "ಊಟ ಆಯ್ತಾ ಅಂತ ಕೇಳ್ತಿದ್ದಾರೆ, ನಿನ್ನನ್ನು," ಎಂದಳು. ಆಗಿರಲಿಲ್ಲ. ಆಯ್ತು ಎಂದೆ.