ಮಂಚ ಹಿಂದಿರುಗಿಸಿದ ದಿನ

ಸೇವಾ ಸಂಘಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಒಂದು ಚಿಪ್ಪು ಬಾಳೆಹಣ್ಣಿನ ಹಿಂದೆ ಹದಿನೈದು ಜನ ನಿಂತು ಫೋಟೊ ತೆಗೆಸಿಕೊಳ್ಳುವ ಕಲೆಯನ್ನು ನಮ್ಮ ಹಿಂದೂಪುರದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅಸೂಯೆಯೂ ಇರಬಹುದು, ಅಂಥ ಫೋಟೊದಲ್ಲಿ ನಿಲ್ಲಲು ನನ್ನನ್ನು ಯಾರೂ ಕರೆದಿಲ್ಲ. ವ್ಯಾಕರಣವೂ ನನ್ನ ಅನುಮಾನಕ್ಕೆ ಒತ್ತಾಸೆಯಾಗಿತ್ತು. ‘ಸೇವೆ’ಗೂ ‘ಸೇವನೆ’ಗೂ ಧಾತು ಒಂದೇ. ದೇವರಿಗೆ ಮಾಡುವುದು ಸೇವೆ, ಕಷಾಯ ಕುಡಿಯುವುದು ಸೇವನೆ. ಹಾಗಾಗಿ ಸೇವಾ ಸಂಘದ ಸಭೆಗೆ ಅಧ್ಯಕ್ಷರಿಗಿಂತ ಮೊದಲು ಬಜ್ಜಿ ಬರುವುದರಲ್ಲಿ ದೋಷವೇನೂ ಇಲ್ಲವೆಂದು ಗೆಳೆಯರ ಮುಂದೆ ಪಾಂಡಿತ್ಯ ತೋರಿಸುತ್ತಿದ್ದೆ.

ಕಳೆದ ವರ್ಷ ಕಲ್ಯಾಣದುರ್ಗದಲ್ಲಿ ನನ್ನ ಭಾವ ಲಕ್ವ ಹೊಡೆದು ಹಾಸಿಗೆ ಹಿಡಿದರು. ಮಲಗಿದಲ್ಲೇ ಗಂಜಿ ಕುಡಿಸಿದರೆ ನೆತ್ತಿಗೆ ಹತ್ತುತ್ತಿತ್ತು. ಅಲ್ಲಿನ ಸೇವಾ ಸಂಘದವರು ಆಸ್ಪತ್ರೆ ಮಂಚವೊಂದನ್ನು ತಂದು ಹಾಕಿ ಹೋದರು; ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುವಂಥದ್ದು. “ಫೋಟೊ ತೆಗೆದ್ರಾ?” ಎಂದು ಫೋನಿನಲ್ಲಿ ಕೇಳಿದೆ. “ಕಾಫಿನೂ ಕುಡೀಲಿಲ್ಲ” ಎಂದಳು ಅಕ್ಕ.

ಮಳೆಗಾಲ ಮುಗಿಯುವಷ್ಟರಲ್ಲಿ ಭಾವ ಹೋದರು. ತಿಥಿ ಕಳೆದ ಮೇಲೂ ಖಾಲಿ ಮಂಚ ನಡುಮನೆಯಲ್ಲೇ ಇತ್ತು. ಅದನ್ನು ನೋಡಲಾರದೆ ಅಕ್ಕ ಅಡುಗೆಮನೆಯಲ್ಲಿ ಮಲಗತೊಡಗಿದಳು. ಮಾತು ಕಡಿಮೆಯಾಯಿತು, ಹೊಸ್ತಿಲು ದಾಟುವುದು ನಿಂತೇ ಹೋಯಿತು. ಕೊನೆಗೆ ಒಂದು ದಿನ ಅವಳೇ ಫೋನು ಮಾಡಿ, “ಅದನ್ನ ಕೊಟ್ಬುಟ್ಟು ಬರಾನ, ಬಾ” ಎಂದಳು. ಹೋದೆ.

ಸಂಘವೆಂದರೆ ಒಂದು ಸೀರೆ ಅಂಗಡಿಯ ಹಿಂದಿನ ಕೋಣೆ. ಗೋಡೆಗೆ ಒರಗಿಸಿದ ಊರುಗೋಲುಗಳು, ವಾಕರ್‌ಗಳು, ಒಂದು ಗಾಲಿಕುರ್ಚಿ. ಅಂಗಡಿಯ ಓಬಳೇಶಪ್ಪನವರೇ ಅಧ್ಯಕ್ಷರು; ಮಗ್ಗದ ಮನೆತನದವರು, ಮೃದು ಮಾತಿನವರು. “ರಾಂಡಿ ಸಾರ್, ಕುಂತ್ಕಳಿ” ಎಂದು ತೆಲುಗು ಬೆರೆಸಿ ಬರಮಾಡಿಕೊಂಡವರು ಬೇರೇನೂ ಕೇಳದೆ ಫಿನಾಯಿಲು ಬಟ್ಟೆ ಹಿಡಿದು ಮಂಚ ಒರೆಸತೊಡಗಿದರು. ನಿವೃತ್ತ ಮೇಷ್ಟ್ರೊಬ್ಬರು ಗಾಲಿಗಳಿಗೆ ಎಣ್ಣೆ ಬಿಟ್ಟರು. ಸಂಘದ ಆ ದಿನದ ಹಾಜರಾತಿ ಇಷ್ಟೇ. ಅಧ್ಯಕ್ಷರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ತಪ್ಪು ತಿಳ್ಕಾಬೇಡಿ ಸಾರ್. ಊರುಗೋಲು ವಾಪಸ್ ಬಂದ್ರೆ ಹೆಂಗಿದ್ದಾರೆ ಅಂತ ಕೇಳ್ತೀವಿ. ಮಂಚ ಬಂದ್ರೆ ಕೇಳಲ್ಲ.”

ಬಾಗಿಲ ಬಳಿ ಒಬ್ಬ ನಿಂತಿದ್ದ. ಬೆಳುಗುಪ್ಪದ ಗಂಗಣ್ಣ, ಗಾರೆ ಕೆಲಸದವನು. ತಾಯಿ ಮಳೆಗಾಲದಲ್ಲೇ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮಂಚ ಯಾವಾಗ ಬರುತ್ತದೆಂದು ಕೇಳಿಕೊಂಡು ದಿನವೂ ಬರುತ್ತಿದ್ದನಂತೆ. ನಮಗೆ ಗೊತ್ತಿಲ್ಲದೆ ಅವನು ಕಾದದ್ದು ಯಾವುದಕ್ಕೆ ಎಂದು ಹೊಳೆದಾಗ ನಾನು ಮುಖ ತಿರುಗಿಸಿದೆ. ಪಾಪ, ಅವನಿಗೆ ಅದು ಹೊಳೆದಿರಲಿಲ್ಲ. ಮಂಚವನ್ನು ಸವರಿ ನೋಡಿ ನನ್ನನ್ನು ಕೇಳಿದ:

“ಇದ್ರಾಗೆ ಮಲಗಿದ್ದೋರು ಬಾಗಾದ್ರಾ ಅಣ್ಣಾ?”

ಓಬಳೇಶಪ್ಪನವರ ಕೈ ನಿಂತಿತು. ಮೇಷ್ಟ್ರು ಎಣ್ಣೆ ಡಬ್ಬಿಯ ಮುಚ್ಚಳ ಹುಡುಕತೊಡಗಿದರು. ‘ಹೂಂ, ಗುಣವಾದ್ರು’ ಎಂದುಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಹೇಳಿದಳು:

“ಇಲ್ಲ ಕಣಪ್ಪ. ಹೋಗ್ಬುಟ್ರು. ನಮ್ಮೆಜಮಾನ್ರು.”

ಗಂಗಣ್ಣ ಮಂಚದಿಂದ ಕೈ ತೆಗೆದ.

“ಆದ್ರೆ ಬೆನ್ನಾಗೆ ಒಂದು ಹುಣ್ಣಾಗಾಕೆ ಬಿಡಲಿಲ್ಲ ನಾನು” ಎಂದಳು ಅಕ್ಕ. “ಕೊನೇವರ್ಗೂ ಒರಗಿ ಕುಂತ್ಕಂಡೇ ಗಂಜಿ ಕುಡುದ್ರು. ನಿಮ್ಮವ್ವನ್ನ ಯಾರು ನೋಡ್ಕತಾರೆ?”

“ನಾನೇ ಅಕ್ಕಾ. ಮನ್ಯಾಗೆ ಹೆಂಗುಸ್ರಿಲ್ಲ. ಅವ್ವಂಗೆ ನಾಚ್ಕೆ. ಬಟ್ಟೆ ಬದಲಾಯಿಸ್ತೀನಿ ಅಂದ್ರೆ ಸೆರಗು ಬಿಗಿಯಾಗಿ ಹಿಡ್ಕಂಡು ಅಳ್ತಾಳೆ.”

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟವಳು ತಡೆದು ನಿಂತಳು. ಗಂಡ ಸತ್ತು ವರ್ಷ ತುಂಬದವಳು ಕಾಯಿಲೆಯವರ ಮನೆಗೆ ಕಾಲಿಡಬಾರದೆಂದು ಊರಿನ ನಂಬಿಕೆ. “ನಾನು ಬಂದ್ರೆ ನಿಮ್ಮವ್ವ ಏನನ್ಕತಾಳೋ” ಎಂದಳು.

“ಏನೂ ಅನ್ಕಳಲ್ಲ. ಬಾಕ್ಕಾ” ಎಂದ ಗಂಗಣ್ಣ.

ಮಂಚದ ಜೊತೆಗೆ ಅಕ್ಕನೂ ಆಟೊ ಹತ್ತಿದಳು. ನಾನು ಆ ಕೋಣೆಯಲ್ಲಿ ಉಳಿದೆ. ಏನಾದರೂ ಮಾಡಬೇಕೆನಿಸಿ ಊರುಗೋಲುಗಳ ದೂಳು ಒರೆಸಿದೆ. ಮೇಷ್ಟ್ರು ಸಂಕೋಚಪಟ್ಟರೂ ತಡೆಯಲಿಲ್ಲ.

ಸಂಜೆ ಬಸ್ಸಿಳಿದು ಬಂದ ಅಕ್ಕ ಅಂಗಡಿಯ ಮೆಟ್ಟಿಲಿನ ಮೇಲೆ ಕುಳಿತಳು. ಸೋತಿದ್ದಳು. ಗಂಗಣ್ಣನ ತಾಯಿ ಹೇಗಿದ್ದಾಳೆಂದು ಕೇಳಿದೆ.

“ಆ ಮುದುಕಿ ಉಳಿಯಲ್ಲ ಕಣೋ” ಎಂದಳು. “ನಾಳೆ ಹೋಗಿ ತಲೆ ಬಾಚ್ತೀನಿ ಅಂತ ಹೇಳ್ಬಂದಿದೀನಿ.”

“ಉಳಿಯಲ್ಲ ಅಂದ್ಮೇಲೆ ಮತ್ತೆ ಯಾಕೆ…” ಎಂದು ರಾಗ ಎಳೆದೆ.

ಅಕ್ಕ ನನ್ನನ್ನು ನೋಡಿದಳು. “ಉಳಿಯಲ್ಲ ಅಂತ ತಲೆ ಗಂಟಾಗಾಕೆ ಬಿಡಾಕಾಯ್ತದಾ?”