ಸೂರ್ಯನ ಗುಮಾಸ್ತ

ನಮ್ಮಣ್ಣ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ನೋಡಿದವನು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಅವನ ಉದ್ಯೋಗ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ. ಅಂಗಡಿಯ ಪೊಟ್ಟಣ ಬಿಚ್ಚಿದರೆ, ಆ ಹಳೆಯ ಸುದ್ದಿ ಕಾಗದವನ್ನು ಮೊಣಕಾಲ ಮೇಲೆ ನೀವಿಕೊಂಡು, ತಪ್ಪಿದ ಒತ್ತಕ್ಷರಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿ, ಆಮೇಲೆ ಕಸದ ಬುಟ್ಟಿಗೆ ಹಾಕುತ್ತಿದ್ದ.

"ಬುಟ್ಟಿಗೆ ಹೋಗೋದನ್ನ ಯಾಕಣ್ಣ ತಿದ್ದೋದು?" ಎಂದು ನಾನು ನಗುತ್ತಿದ್ದೆ.

"ತಪ್ಪು ಬುಟ್ಟೀಲಿದ್ರೂ ತಪ್ಪೇ" ಅನ್ನುತ್ತಿದ್ದ.

ಊರಿನವರು ಅವನನ್ನು ಕರೆಯುತ್ತಿದ್ದದ್ದು ಮಾತ್ರ ‘ಸೂರ್ಯನ ಗುಮಾಸ್ತ’ ಎಂದು. ಹತ್ತೊಂಬತ್ತು ವರ್ಷ ಹಿಂದೆ ಅವನೂ ಅವನ ಗೆಳೆಯ ಲೇತಣ್ಣನೂ ಸೇರಿ ಆಕಾಶ ನೋಡುವವರ ಸಂಘವೊಂದನ್ನು ಕಟ್ಟಿದ್ದರು. ಲೇತಣ್ಣ ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವವನು, ಹೆಸರು ಬಂದದ್ದು ಅದರಿಂದಲೇ. ಸಂಘದ ಟೆಲಿಸ್ಕೋಪಿನ ಕೊಳವೆಯಿಂದ ಹಿಡಿದು ಕೊನೆಯ ಸ್ಕ್ರೂವಿನ ತನಕ ಎಲ್ಲವೂ ಅವನ ಕೈಯಲ್ಲಿ ಆದದ್ದು. ಗ್ರಂಥಾಲಯದವರು ತಾರಸಿಯ ಮೇಲಿದ್ದ ಕೋಣೆಯನ್ನು ಬಿಟ್ಟುಕೊಟ್ಟರು. ಮುರಿದ ಕುರ್ಚಿಗಳನ್ನು ಆಚೆ ಹಾಕಿ, ಪಾರಿವಾಳಗಳ ಗಲೀಜು ಕೆರೆದು, ಹನ್ನೊಂದು ಜನ ಸದಸ್ಯರಾದರು.

ಶನಿವಾರ ಸಂಜೆ ಬಂದವರಿಗೆಲ್ಲ ಚಂದ್ರನನ್ನು ತೋರಿಸುತ್ತಿದ್ದರು. ಜನಕ್ಕೆ ಗೊತ್ತಿದ್ದದ್ದು ಅಷ್ಟೆ. ಆದರೆ ಅಣ್ಣನ ಜೀವ ಇದ್ದದ್ದು ಹಗಲಿನ ಕೆಲಸದಲ್ಲಿ. ದಿನಾ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ಟೆಲಿಸ್ಕೋಪಿನ ಮೂಲಕ ಸೂರ್ಯನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಅದರಲ್ಲಿ ಎಷ್ಟು ಕಪ್ಪು ಕಲೆಗಳಿವೆ ಎಂದು ಎಣಿಸಬೇಕು. ಕಡಿಮೆಯೆಂದರೆ ಇಬ್ಬರು, ಬೇರೆ ಬೇರೆಯಾಗಿ. ಇಬ್ಬರ ಸಂಖ್ಯೆ ಬಂದರೆ ಮಾತ್ರ ಆ ದಿನ ರಿಜಿಸ್ಟರಿನಲ್ಲಿ ನಿಲ್ಲುತ್ತದೆ, ಒಬ್ಬರದೇ ಆದರೆ ಆ ದಿನ ಲೆಕ್ಕಕ್ಕಿಲ್ಲ. ಮೋಡವಿದ್ದರೆ ‘ಮೋಡ’ ಎಂದು ಬರೆಯಬೇಕು. ತಿಂಗಳ ಕೊನೆಗೆ ಆ ಹಾಳೆ, ಇಂಥ ಎಣಿಕೆಗಳನ್ನೆಲ್ಲ ಕೂಡಿಸುವ ದೂರದ ಕೇಂದ್ರವೊಂದಕ್ಕೆ ಹೋಗುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಅಣ್ಣನಿಗೆ ಆಸ್ತಿ ಅಂತ ಇದ್ದರೆ ಅದೊಂದೇ.

ಸಂಘಕ್ಕೆ ಒಂದು ಕಾನೂನಿತ್ತು, ಅದು ಬಂದದ್ದು ಕಂಡಕ್ಟರನಿಂದ. ಬಸ್ ಕಂಡಕ್ಟರ್ ಒಬ್ಬ ಸದಸ್ಯನಾಗಿದ್ದ, ಬಾಯಿ ದೊಡ್ಡದು. ಒಂದು ದಿನ ಕಾಗದ ನೋಡಿದವನೇ "ಅಬ್ಬಬ್ಬಾ, ಆನೆ ಗಾತ್ರದ ಕಲೆ!" ಎಂದು ಕೂಗಿದ. ಹಿಂದಿದ್ದ ನಾಲ್ವರಿಗೂ ಆನೆ ಕಂಡಿತು. ಒಬ್ಬರಿಗೆ ಪಕ್ಕದಲ್ಲಿ ಮರಿಯಾನೆಯೂ ಕಂಡಿತು. ಲೇತಣ್ಣ ಬಂದು ಟೆಲಿಸ್ಕೋಪಿನ ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದ. ಆನೆ ಮರಿಸಮೇತ ಹೋಯಿತು. ಅವತ್ತಿನಿಂದ ಅಣ್ಣ ಕಾನೂನು ಮಾಡಿದ: ತನ್ನ ಸಂಖ್ಯೆ ಕೊಡುವ ಮುಂಚೆ ಯಾರೂ ಯಾರ ಹತ್ತಿರವೂ ಮಾತಾಡುವ ಹಾಗಿಲ್ಲ, ಬರೆದುಕೊಳ್ಳುವವನು ಹ್ಞೂಂ ಉಹೂಂ ಅನ್ನುವ ಹಾಗಿಲ್ಲ. ಸಂಖ್ಯೆ ಮಾತ್ರ.

ಆಮೇಲೆ ಆ ಕಾಯಿಲೆ ಬಂತು. ಅಚ್ಚುಕೂಟ ಮುಚ್ಚಿತು, ಗ್ರಂಥಾಲಯ ಮುಚ್ಚಿತು, ಟೆಲಿಸ್ಕೋಪು ಒಳಗೇ ಉಳಿಯಿತು. ಬೀದಿಗಳು ಬಂದಾಗುವ ಹಿಂದಿನ ಸಂಜೆ ಲೇತಣ್ಣ ತನ್ನ ಮನೆಯಲ್ಲಿದ್ದ ಎರಡು ಹಳೆಯ ಟೆಲಿಸ್ಕೋಪುಗಳಲ್ಲಿ ಒಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ನಮ್ಮ ಬಾಗಿಲಲ್ಲಿ ಇಳಿಸಿದ.

"ಒಳಗೆ ಬಾರಯ್ಯ" ಎಂದ ಅಣ್ಣ.

"ಬೇಡಪ್ಪ. ನಾನು ಕೂತ ಕುರ್ಚೀನ ನಿನ್ನ ತಂಗಿ ಮೂರು ಸಲ ತೊಳೀಬೇಕಾಗತ್ತೆ. ದಿನಾ ಸಂಜೆ ಐದಕ್ಕೆ ಎಲ್ಲರೂ ಫೋನ್ ಮಾಡ್ತೀವಿ. ನೀನು ಬರ್ಕೋ. ಹರಟೆ ಇಲ್ಲ, ನೀನೇ ಮಾಡಿದ ಕಾನೂನು."

"ನಿನಗೆ ಹರಟೆ ಇಲ್ದೆ ಹೊಟ್ಟೆ ಉಬ್ಬರಿಸಲ್ವಾ?"

"ಉಬ್ಬರಿಸಲಿ ಬಿಡು, ಲೇತಿಗೆ ಕೊಟ್ಟು ಕಡೀತೀನಿ" ಎಂದು ಹೊರಟುಹೋದ.

ಮೊದಲ ತಿಂಗಳು ಐದು ಗಂಟೆಯೆಂದರೆ ನಮ್ಮ ಮನೆಯಲ್ಲಿ ಹಬ್ಬದ ಗದ್ದಲ. ಒಬ್ಬರಾದ ಮೇಲೆ ಒಬ್ಬರ ಫೋನು. ಟೆಲಿಸ್ಕೋಪು ಇಲ್ಲದವರು ಬೈನಾಕ್ಯುಲರಿನ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಬಿಂಬವನ್ನು ಗೋಡೆಗೆ ಬೀಳಿಸಿಕೊಂಡು ನೋಡುತ್ತಿದ್ದರು. ಎಲ್ಲರೂ ಹೇಳುತ್ತಿದ್ದದ್ದು ಒಂದೇ, ಸೊನ್ನೆ. ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯ ಹಾಗೆ ಮಂಕಾಗುತ್ತಾನಂತೆ, ವಾರಗಟ್ಟಲೆ ಒಂದು ಕಲೆಯೂ ಇರುವುದಿಲ್ಲವಂತೆ. "ಸೊನ್ನೆ ಸಾರ್, ನನ್ನ ಮಗನ ಗಣಿತದ ಮಾರ್ಕ್ಸಿನ ಥರ" ಎಂದು ಕಂಡಕ್ಟರ್ ಕಾನೂನು ಮುರಿದು ಬೈಸಿಕೊಳ್ಳುತ್ತಿದ್ದ.

ಆಮೇಲೆ ಒಬ್ಬೊಬ್ಬರೇ ನಿಂತರು. ಬಸ್ಸಿಲ್ಲದ ಕಂಡಕ್ಟರ್ ಹೆಂಡತಿಯ ತವರಿಗೆ ಹೋದ. ಒಬ್ಬರಿಗೆ ಜ್ವರ, ಒಬ್ಬರ ಮನೆಯಲ್ಲಿ ಸಾವು. ಇನ್ನೊಬ್ಬರು "ಇಲ್ಲದ ಕಲೇನ ಎಷ್ಟು ದಿನ ಅಂತ ಎಣಿಸೋದು ಗುಮಾಸ್ತ್ರೇ?" ಎಂದು ಕೇಳಿ ಫೋನಿಟ್ಟವರು ಮತ್ತೆ ಮಾಡಲಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ ರಿಜಿಸ್ಟರಿನಲ್ಲಿ ಅಂಕಿ ತುಂಬುವ ಮನೆ ಉಳಿದದ್ದು ಎರಡೇ, ಅಣ್ಣನದು ಮತ್ತು ಲೇತಣ್ಣನದು. ಇನ್ನೊಬ್ಬರು ಜಾರಿದರೆ ಹತ್ತೊಂಬತ್ತು ವರ್ಷದ ಸಾಲು ಅಲ್ಲಿಗೆ ಮುಗಿಯಿತು. ಅಣ್ಣ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾಲ್ಕೂವರೆಗೇ ಫೋನಿನ ಪಕ್ಕ ಕೂರತೊಡಗಿದ, ಅಷ್ಟೆ.

ಒಂದು ದಿನ ಐದಕ್ಕೆ ಬಂದದ್ದು ಲೇತಣ್ಣನ ದನಿಯಲ್ಲ, ಅವನ ಹೆಂಡತಿಯದು. ಫೋನು ಗಟ್ಟಿಯಾಗಿ ಕೇಳುವಂಥದ್ದು, ನಾನು ಅಲ್ಲೇ ಬಟ್ಟೆ ಮಡಿಸುತ್ತಿದ್ದೆ.

"ಗುಮಾಸ್ತ್ರೇ, ಅವರಿಗೆ ಗಂಟಲು ಕಟ್ಟಿದೆ. ಹೇಳು ಅಂದ್ರು. ಸೊನ್ನೆ."

"ಸೊನ್ನೆ" ಎಂದು ಬರೆದುಕೊಂಡು ಅಣ್ಣ ಫೋನಿಟ್ಟ.

"ಹೇಗಿದ್ದಾರೆ ಅಂತ ಒಂದು ಮಾತು ಕೇಳಬಾರದಿತ್ತಾ?" ಎಂದೆ.

"ಒಂದು ಮಾತು ಕೇಳಿದ್ರೆ ಹತ್ತು ಬರತ್ತೆ. ಹತ್ತರಲ್ಲಿ ಒಂದು ಕಲೆ ವಿಷಯ ಆಗತ್ತೆ. ಗಂಟಲು ತಾನೆ, ಸರಿ ಹೋಗತ್ತೆ. ಆಮೇಲೆ ಅವನ ಹತ್ರಾನೇ ಮಾತಾಡ್ತೀನಿ."

ಮಾರನೆಯ ದಿನವೂ ಫೋನ್ ಮಾಡಿದ್ದು ಲೇತಣ್ಣನ ಹೆಂಡತಿಯೇ, ನಾವು ಅತ್ತಿಗೆ ಅನ್ನುತ್ತಿದ್ದವರು. ಅದರ ಮಾರನೆಯ ದಿನವೂ. ಹೊತ್ತು ಒಂದು ನಿಮಿಷ ಆಚೀಚೆ ಆಗುತ್ತಿರಲಿಲ್ಲ. ಸೊನ್ನೆ, ಮತ್ತೆ ಸೊನ್ನೆ. ಒಂದು ವಾರವಾದ ಮೇಲೆ ಅವರ ದನಿ ತೀರಾ ಸಣ್ಣದಾಯಿತು. ನನ್ನ ಬೆಳಗಿನ ಪ್ರಾರ್ಥನೆಯಲ್ಲಿ ಆ ಮನೆಯನ್ನು ನೆನೆಸಿಕೊಳ್ಳುತ್ತಿದ್ದೆ. ಆದರೆ ನಾನೂ ಫೋನ್ ಮಾಡಲಿಲ್ಲ. ಅಣ್ಣನ ಕೆಲಸದಲ್ಲಿ ಕೈ ಹಾಕಬಾರದೆಂದು ಸುಮ್ಮನಿದ್ದೆ. ದೇವರಿಗೆ ಹೇಳಿದರೆ ಸಾಕು ಅಂದುಕೊಂಡೆನೋ ಏನೋ.

ಬೆಳಿಗ್ಗೆ ಎಂಟರಿಂದ ಹತ್ತರ ತನಕ ಜನ ಹೊರಗೆ ಹೋಗಿಬರಬಹುದಿತ್ತು. ಲೇತಣ್ಣನ ಮನೆಗೆ ನಡೆದರೆ ಮುಕ್ಕಾಲು ಗಂಟೆಯ ದಾರಿ. ಆದರೆ ಕಲೆ ಎಣಿಸುವ ಹೊತ್ತೂ ಅದರೊಳಗೇ ಇತ್ತು.

ಅತ್ತಿಗೆ ಫೋನ್ ಮಾಡತೊಡಗಿದ ಇಪ್ಪತ್ತೆರಡನೆಯ ದಿನ ಅಣ್ಣ ತಾರಸಿಯಿಂದ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದ. ಬಿಂಬದ ಅಂಚಿನಲ್ಲಿ ಕಲೆ ಮೂಡಿತ್ತು. ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ. ಕಾನೂನಿನ ಪ್ರಕಾರ ನನಗೂ ಹೇಳಲಿಲ್ಲ, ಆದರೆ ಒಂದು ತುತ್ತು ಹೆಚ್ಚಿಗೆ ಉಂಡ. ಸಂಜೆ ಅತ್ತಿಗೆ "ಸೊನ್ನೆ" ಎಂದರು. ಅಣ್ಣನ ಪೆನ್ಸಿಲು ಒಂದು ಗಳಿಗೆ ನಿಂತು ಬರೆಯಿತು. ಮಾರನೆಯ ದಿನ ಕಲೆ ಒಳಗೆ ಸರಿದು ದೊಡ್ಡದಾಯಿತು. "ಸೊನ್ನೆ" ಎಂದರು. ಮೂರನೆಯ ದಿನ ನನ್ನನ್ನು ತಾರಸಿಗೆ ಕರೆದು ಕಾಗದ ತೋರಿಸಿ "ಏನು ಕಾಣತ್ತೆ?" ಎಂದ. ಪೊರೆ ಬಂದ ನನ್ನ ಕಣ್ಣಿಗೂ ಎರಡು ಕಲೆ ಕಂಡವು, ಮೆಣಸಿನ ಕಾಳುಗಳ ಹಾಗೆ.

ಸಂಜೆ ಫೋನು ಬಂತು. "ಸೊನ್ನೆ, ಗುಮಾಸ್ತ್ರೇ."

ಹತ್ತೊಂಬತ್ತು ವರ್ಷದಲ್ಲಿ ಅವತ್ತು ಮೊದಲ ಸಲ ಅಣ್ಣ ತನ್ನ ಕಾನೂನನ್ನು ತಾನೇ ಮುರಿದ. ಆಗಲೂ ಅವನಿಗೆ ಹೊಳೆದದ್ದು ಬೇರೆ ಏನಲ್ಲ.

"ಅತ್ತಿಗೆ, ಆ ಮಹಾರಾಯನಿಗೆ ಲೆನ್ಸ್ ಒರೆಸೋಕೆ ಹೇಳಿ. ಬಿಂಬ ಸರಿಯಾಗಿ ಬೀಳ್ತಿಲ್ಲ."

ಅಣ್ಣ ಫೋನನ್ನು ಕಿವಿಗೆ ಒತ್ತಿಕೊಂಡ.

"ಅತ್ತಿಗೆ?"

"ಅವರಿಲ್ಲ ಗುಮಾಸ್ತ್ರೇ. ಹೋಗಿ ಹದಿನೈದು ದಿನ ಆಯ್ತು."

ಅಣ್ಣನ ಕೈಯಲ್ಲಿ ಪೆನ್ಸಿಲು ಹಾಗೇ ಇತ್ತು. ಅತ್ತಿಗೆ ನಿಧಾನವಾಗಿ, ಒಪ್ಪಿಸುವ ಹಾಗೆ ಹೇಳಿದರು. ಮೊದಲ ಎರಡು ದಿನ ಅವರೇ ನೋಡಿದ್ರು. ಮೂರನೇ ದಿನದಿಂದ ಮೆಟ್ಟಿಲು ಹತ್ತೋಕಾಗಲಿಲ್ಲ. ಐದನೇ ದಿನ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಹೋಗೋವಾಗ ಹೇಳಿದ್ರು, ಈ ವರ್ಷ ಸೂರ್ಯನಲ್ಲಿ ಏನೂ ಇಲ್ಲ, ನಾನು ಬರೋ ತನಕ ದಿನಾ ಐದಕ್ಕೆ ಸೊನ್ನೆ ಅಂತ ಹೇಳ್ತಿರು, ಇಲ್ಲದಿದ್ರೆ ಅವನೊಬ್ಬನೇ ಆಗ್ತಾನೆ, ಸಂಘ ನಿಂತು ಹೋಗತ್ತೆ ಅಂತ.

"ನನಗೆ ಹೇಳಬಾರದಿತ್ತಾ, ಅತ್ತಿಗೆ?"

"ಹೇಳ್ಬೇಕು ಅಂತಾನೇ ದಿನಾ ಫೋನ್ ಹಿಡೀತಿದ್ದೆ. ನೀವು ಬರ್ಕೊಂಡು ಇಟ್ಟುಬಿಡ್ತಿದ್ರಿ. ಕೇಳ್ಲಿಲ್ಲವಲ್ಲ."

ಅವತ್ತು ಸಂಜೆ ಅಣ್ಣ ಕೆಂಪು ಶಾಯಿಯ ಪೆನ್ನು ತೆಗೆದು, ಅಳತೆಪಟ್ಟಿ ಇಟ್ಟು, ಆ ಮೂರನೆಯ ದಿನದಿಂದ ಬರೆದುಕೊಂಡ ಇಪ್ಪತ್ತೆರಡು ಸೊನ್ನೆಗಳನ್ನು ಒಂದೊಂದಾಗಿ ಹೊಡೆದು ಹಾಕಿದ. ಹತ್ತೊಂಬತ್ತು ದಿನ ಅವು ಅಣ್ಣನ ಸಂಖ್ಯೆಗೆ ಸರಿಯಾಗೇ ಹೊಂದಿದ್ದವು. "ಹೊಂದಿರೋದನ್ನಾದ್ರೂ ಬಿಡಬಾರದಾ?" ಎಂದೆ. "ನೋಡದೆ ಬರೆದದ್ದು ಹೊಂದಿದ್ರೂ ತಪ್ಪೇ" ಎಂದ. ಆದ ತಪ್ಪನ್ನು ಒಪ್ಪಿಕೊಂಡು ಕೇಂದ್ರಕ್ಕೆ ಕಾಗದ ಬರೆದ. ಸಂಘದ ಸಾಲು ಮುಗಿಯಿತು.

ಎಲ್ಲ ಮುಗಿದ ಮೇಲೂ ಒಂಬತ್ತು ಹೊಡೆದರೆ ತಾರಸಿಗೆ ಹೋಗುವುದನ್ನು ಬಿಡಲಿಲ್ಲ. ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮನೆಯನ್ನಷ್ಟೇ ತುಂಬುತ್ತಿದ್ದ. ಒಂದು ವಾರ ನೋಡಿದೆ.

"ಅತ್ತಿಗೆ ಮನೆಗೆ ಯಾವಾಗ ಹೋಗೋದು, ಅಣ್ಣ? ಸೂರ್ಯ ಎಲ್ಲಿಗೂ ಹೋಗಲ್ಲ."

"ಕಲೆ ಹೋಗತ್ತೆ. ಇನ್ನು ನಾಲ್ಕು ದಿನಕ್ಕೆ ಆ ಕಡೆ ಅಂಚಿಗೆ ತಿರುಗಿಬಿಡತ್ತೆ."

"ಹೋದ್ರೆ ಹೋಗ್ಲಿ."

ಅವನು ತಲೆಯೆತ್ತಲಿಲ್ಲ. "ಆ ಬಾಗಿಲಲ್ಲಿ ನಿಂತು ಏನಂತ ಕೇಳ್ಲಿ?" ಎಂದ. ಮಾರನೆಯ ಬೆಳಿಗ್ಗೆ ಎಂಟಕ್ಕೆ ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅವನೂ ಬಂದ.

ಅತ್ತಿಗೆ ಮುಂಬಾಗಿಲ ಕೋಣೆಯಲ್ಲಿ ಎರಡು ಕುರ್ಚಿಗಳನ್ನು ದೂರ ದೂರ ಹಾಕಿದರು. ತಾವು ಒಳಬಾಗಿಲ ಹೊಸ್ತಿಲ ಬಳಿ ಕೂತರು. ಗೋಡೆಗೆ ಒರಗಿಸಿದ ಟೆಲಿಸ್ಕೋಪಿನ ಮೇಲೆ ಹಳೆಯ ಹೊದಿಕೆ ಮುಚ್ಚಿತ್ತು. ಕೊನೆಗೆ ಅವರೇ ಕೇಳಿದರು.

"ನಾನು ಹೇಳಿದ ಸೊನ್ನೆ ಪುಸ್ತಕದಲ್ಲಿ ಇದೆಯಾ?"

ಇದೆ ಅಂದುಬಿಡು ಅಣ್ಣ ಎಂದು ನನ್ನ ಮನಸ್ಸು ಬೇಡಿಕೊಂಡಿತು.

"ಹೊಡೆದು ಹಾಕಿದೆ, ಅತ್ತಿಗೆ" ಎಂದ.

ಅತ್ತಿಗೆ ತಲೆಯಾಡಿಸಿದರು. "ಸರಿ ಮಾಡಿದ್ರಿ. ಅವರಿದ್ದಿದ್ರೂ ಅದನ್ನೇ ಮಾಡ್ತಿದ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಆಸ್ಪತ್ರೆಯಿಂದ ಸಂಜೆ ಫೋನ್ ಬರ್ತಿತ್ತು. ಮೊದಲು ಕೇಳೋದೇ ಅದು, ಗುಮಾಸ್ತ ಏನಂದ ಅಂತ. ಏನೂ ಅನ್ನಲಿಲ್ಲ, ಬರ್ಕೊಂಡ್ರು ಅಂತಿದ್ದೆ. ‘ಹಾಗೇ ಇರ್ಬೇಕು, ಗಟ್ಟಿ ಆಸಾಮಿ’ ಅಂತ ನಗೋಕೆ ಹೋಗಿ ಕೆಮ್ಮು ಬರೋದು."

ಅಣ್ಣ ಎರಡು ಕೈಯಲ್ಲೂ ಕುರ್ಚಿಯ ಅಂಚು ಹಿಡಿದುಕೊಂಡಿದ್ದ.

"ಅವರು ಹೋದ ಮೇಲೂ ಐದಕ್ಕೆ ಫೋನ್ ಹಿಡಿದಾಗ, ಮೇಲೆ ತಾರಸೀಲಿ ಇದ್ದಾರೇನೋ ಅನ್ನಿಸೋದು. ಒಂದು ನಿಮಿಷ ಅಷ್ಟೇ. ಈಗ ಐದು ಗಂಟೆ ಆದ್ರೆ ಏನು ಮಾಡ್ಬೇಕೋ ಗೊತ್ತಾಗಲ್ಲ."

ಹೊರಗೆ ಬೀದಿಯಲ್ಲಿ ಅಂಗಡಿಯವನೊಬ್ಬ ಅರ್ಧ ಬಾಗಿಲು ಎಳೆಯುತ್ತಿದ್ದ. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಹತ್ತು. ಈಗ ಎದ್ದು ಬಿರಬಿರನೆ ನಡೆದರೆ ಹತ್ತಕ್ಕೆ ಮುಂಚೆ ನಮ್ಮ ತಾರಸಿ ಮುಟ್ಟಬಹುದಿತ್ತು. ಅಣ್ಣನೂ ಗಡಿಯಾರ ನೋಡಿದ. ಆಮೇಲೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ.

"ಮೊದಲಿಂದ ಹೇಳಿ, ಅತ್ತಿಗೆ. ಗಂಟಲು ಕಟ್ಟಿತು ಅಂದ್ರಲ್ಲ, ಆ ದಿನದಿಂದ."

ಅವರು ಹೇಳತೊಡಗಿದರು. ನಡುವೆ ನಿಂತಾಗಲೆಲ್ಲ ಅಣ್ಣ "ಆಮೇಲೆ?" ಅನ್ನುತ್ತಿದ್ದ. ಹತ್ತು ಹೊಡೆದದ್ದು ನನಗೆ ಕೇಳಿಸಿತು, ಅವರಿಬ್ಬರಿಗೂ ಕೇಳಿಸಿದಂತೆ ಕಾಣಲಿಲ್ಲ.

ರಿಜಿಸ್ಟರಿನಲ್ಲಿ ಆ ದಿನದ ಸಾಲಿನ ಎರಡು ಮನೆಗಳೂ ಖಾಲಿ ಇವೆ. ‘ಮೋಡ’ ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಣ್ಣ ಬರೆಯಲಿಲ್ಲ. ಅವತ್ತು ಆಕಾಶ ಶುಭ್ರವಾಗಿತ್ತು.